ಎಮ್ಮೆಗೆ ಆಡಿದ ಮಾತು

"ಬಾರಮ್ಮ ಖ್ವನ್ನೇ, ಬಾ. ಗದ್ದೆ ಕೆಸರಲ್ಲಿ ಉಳ್ಕೊಂಡಿದ್ರೆ ಬಾ, ಹೊಳೆದಂಡೆ ಹುಲ್ಲಲ್ಲಿ ಮೈಮರೆತು ನಿಂತಿದ್ರೆ ಬಾ. ನೊಗಕ್ಕೆ ಹೆದರಿ ಓಡಿಹೋಗಿದ್ರೆ, ನೊಗ ಇಳಿಸಿದೀವಿ ಕಣಮ್ಮ, ಬಾ. ಈ ವರ್ಷವೆಲ್ಲ ನಿನ್ನ ದುಡಿಸ್ಕೊಂಡ್ವಿ. ಮಳೇಲಿ ನಾವು ತಲೆಗೆ ಪ್ಲಾಸ್ಟಿಕ್ ಹೊದ್ಕೊಂಡ್ವಿ, ನಿನಗೆ ಏನೂ ಹೊದಿಸ್ಲಿಲ್ಲ. ಸಾಲು ವಾರೆಯಾದ್ರೆ ಬೈದ್ವಿ. ವಾರೆಯಾಗಿದ್ದು ನೇಗಿಲು ಹಿಡಿದೋನ ಕೈಯಿಂದ, ಬೈಸ್ಕೊಂಡೋಳು ನೀನು. ಸುಸ್ತಾಗಿ ನಿಂತಾಗ ಸೋಮಾರಿ ಅಂದ್ವಿ. ಬಾಸುಂಡೆ ಏಳೋ ಹಾಗೆ ಹೊಡೆದ್ವಿ. ಕತ್ತಲಾಗ್ತಿತ್ತು, ನೀರು ಇಂಗಿಹೋಗ್ತಿತ್ತು, ನಮಗೂ ದಿಕ್ಕು ತೋಚ್ಲಿಲ್ಲ, ಅದಕ್ಕೇ ಹೊಡೆದ್ವಿ. ಮನಸ್ಸಲ್ಲಿ ಇಟ್ಕೋಬೇಡ. ನಿನ್ನ ಗೊರಸು ನೋಯದೆ ಇರ್ಲಿ, ಕೊಂಬು ಬಿರಿಯದೆ ಇರ್ಲಿ, ಹೆಗಲ ಮೇಲಿನ ಗಾಯ ಮಾಯ್ಲಿ. ನೀನು ಕೆಟ್ಟೋಳಲ್ಲ. ದಣಿದಿದೀಯ, ಅಷ್ಟೆ. ಬಾ, ಮನೆಗೆ ಬಾ. ಹುಲ್ಲು ಹಾಕಿದೀವಿ. ಸೊಳ್ಳೆ ಬರದ ಹಾಗೆ ಹೊಗೆ ಹಾಕಿದೀವಿ. ಬಾರಮ್ಮ."

ಇಷ್ಟನ್ನೂ ಬುವಫಾನ್ ಹೇಳಿದ್ದು ಲುವಾಂಗನ ಎಮ್ಮೆಗೆ. ನಾಟಿಗೆ ಉಳುಮೆ ಮುಗಿದ ಮೇಲೆ, ಖೋಂಗ್ ನದಿಯ ದಂಡೆಯ ನಮ್ಮ ನಾಖಾಮ್ ಊರಿನಲ್ಲಿ, ಎಮ್ಮೆಯ ಕೊಂಬಿಗೆ ಹತ್ತಿಯ ಬಿಳಿ ದಾರ ಕಟ್ಟಿ, ಬಾಯಿಗೆ ಎಳೆ ಹುಲ್ಲು ಕೊಟ್ಟು, ಅದರ ಖ್ವನ್ ಕರೆಯುತ್ತಾರೆ. ಖ್ವನ್ ಅಂದರೆ ಮೈಯೊಳಗೆ ಕೂತಿರುವ ಜೀವದ ಕಳೆ. ಬೆಚ್ಚಿದರೆ, ಬಿದ್ದರೆ, ತೀರ ದಣಿದರೆ ಅದು ಮೈಬಿಟ್ಟು ಹೋಗಿ ಎಲ್ಲೋ ಆಚೆಗೆ ಉಳಿದುಬಿಡುತ್ತದೆ. ಮೈ ಮಾತ್ರ ಮನೆಗೆ ಬರುತ್ತದೆ, ಉಣ್ಣುತ್ತದೆ, ಮಲಗುತ್ತದೆ. ಒಳಗೆ ಆಳು ಇರುವುದಿಲ್ಲ. ಆಗ ಯಾರಾದರೂ ಒಳ್ಳೆಯ ಮಾತಾಡಿ ಕರೆದು ತರಬೇಕು. ಕರೆಯುವ ಗಂಡಸರು ಊರಲ್ಲಿ ಇಲ್ಲವೆಂದಲ್ಲ. ಆದರೆ ಮಗು ಬೆಚ್ಚಿದರೆ, ಬಾಣಂತಿ ಮಂಕಾದರೆ ಜನ ಬುವಫಾನಳನ್ನೇ ಹುಡುಕಿಕೊಂಡು ಬರುತ್ತಿದ್ದರು. ಅವಳ ಅಮ್ಮನಿಂದ ಬಂದ ವಿದ್ಯೆ ಅದು. ಕರೆಯುವಾಗ ಅವಳ ದನಿಯೇ ಬೇರೆಯಾಗುತ್ತಿತ್ತು, ಅಟ್ಟದಿಂದ ಇಳಿಯಲು ಹೆದರಿದ ಮಗುವಿಗೆ ಕೆಳಗೆ ನಿಂತು ಕೈ ಚಾಚಿದ ಹಾಗೆ.

ದಾರ ಕಟ್ಟಿ ಮುಗಿದ ಮೇಲೆ ಲುವಾಂಗ್ ತಲೆ ಕೆರೆದುಕೊಂಡು ನಕ್ಕ.

"ಬುವಫಾನಕ್ಕ, ಇಷ್ಟು ನಯವಾಗಿ ನನಗೆ ಯಾರೂ ಮಾತಾಡಿಸಿಲ್ಲ ಕಣಕ್ಕ. ನನಗೂ ಒಂದು ದಾರ ಕಟ್ಟಿಬಿಡು."

"ನಿನಗೆಲ್ಲಿ ಕಟ್ಟೋದು? ಕೊಂಬು ಇರೋದು ನಿನ್ನ ಹೆಂಡ್ತಿಗೆ" ಎಂದಳು ಪೆಂಗ್ ಚಿಕ್ಕಮ್ಮ. ಅವಳು ಬುವಫಾನಳ ಅಮ್ಮನ ಕೊನೆಯ ತಂಗಿ. ಹಲ್ಲೆಲ್ಲ ಉದುರಿದ್ದರೂ ಎಲೆಯಡಿಕೆ ಬಿಟ್ಟವಳಲ್ಲ. ಪುಟ್ಟ ಒರಳಲ್ಲಿ ಕುಟ್ಟಿಕೊಂಡು ಹಾಕಿಕೊಳ್ಳುತ್ತಿದ್ದಳು. ಎಲ್ಲರೂ ನಕ್ಕರು. ಬುವಫಾನಳ ತಂಗಿ ವಿಲೈ ಬೇಲಿಗೆ ಒರಗಿ, ಊರುಗೋಲು ಹಿಡಿದು ನಿಂತಿದ್ದವಳು, ಅವಳೂ ತುಟಿಯಂಚಲ್ಲಿ ನಕ್ಕಳು. ಅಷ್ಟರಲ್ಲಿ ಆಚೆ ರಸ್ತೆಯಲ್ಲಿ ಯಾವುದೋ ಬೈಕು ಟಪ್ಪೆಂದು ಸದ್ದು ಮಾಡಿತು. ವಿಲೈಯ ಮೈಯೆಲ್ಲ ಕುಲುಕಿ, ಕೋಲು ಕೈಜಾರಿ ಕೆಸರಿಗೆ ಬಿತ್ತು. ನಗು ನಿಂತಿತು. ಬುವಫಾನ್ ಕೋಲೆತ್ತಿ ಒರೆಸಿ ಕೊಟ್ಟಳು. ತಂಗಿಯ ಮುಖ ನೋಡಲಿಲ್ಲ.

ಕಂಬಗಳ ಮೇಲೆ ಕಟ್ಟಿದ ತನ್ನ ಮನೆಗೆ ಹತ್ತುವಾಗ ಬುವಫಾನಳ ಕಾಲು ಏಣಿಮೆಟ್ಟಿಲಲ್ಲಿ ಜಾರಿತು. ಕೈಯಲ್ಲಿದ್ದ ಹೂವಿನ ಬಟ್ಟಲು ಉರುಳಿ ನೀರೆಲ್ಲ ಚೆಲ್ಲಿತು.

"ಥೂ, ಕತ್ತೆ! ಕಣ್ಣೇನು ಬೆನ್ನ ಮೇಲಿದೆಯಾ? ಮುಟ್ಟಿದ್ದೆಲ್ಲ ಮಣ್ಣು ಮಾಡ್ತೀಯ. ಸಾಯಬಾರದಾ ನೀನು."

ಹಿಂದೆ ಬರುತ್ತಿದ್ದ ಪೆಂಗ್ ಚಿಕ್ಕಮ್ಮ ನಿಂತಳು. "ಯಾರಿಗೆ ಅಂದೆ?"

"ಇನ್ಯಾರಿಗೆ? ನನಗೆ."

"ಈಗ ತಾನೆ ಎಮ್ಮೆಗೆ ಆಡಿದ ನಾಲಿಗೇನಾ ಇದು?"

ಬುವಫಾನ್ ಬಟ್ಟಲು ಎತ್ತಿಕೊಂಡು ಮೇಲೆ ಹೋದಳು.

ಅವಳು ಮದುವೆಯಾಗಲಿಲ್ಲ. ಅಮ್ಮ ತೀರಿಕೊಂಡಾಗ ವಿಲೈ ಇನ್ನೂ ಸೊಂಟದ ಮೇಲಿನ ಕೂಸು. ತಂಗಿಯನ್ನು ಪಟ್ಟೆ ಬಟ್ಟೆಯಲ್ಲಿ ಬೆನ್ನಿಗೆ ಕಟ್ಟಿಕೊಂಡೇ ಬುವಫಾನ್ ನಾಟಿ ಹಾಕಿದಳು, ಹೊಳೆಯಲ್ಲಿ ಸೀಗಡಿ ಗೋರಿದಳು, ಆಮೇಲೆ ಅಂಟಕ್ಕಿ ಬೇಯಿಸಿ ಸಂತೆಗೆ ಒಯ್ಯುವುದು ಶುರುಮಾಡಿದಳು. ಸಂಜೆ ಅಕ್ಕಿ ನೆನೆಹಾಕುವುದು, ಕೋಳಿ ಕೂಗುವ ಮೊದಲೆದ್ದು ಬಿದಿರ ಬುಟ್ಟಿಯಲ್ಲಿ ಹಬೆಗಿಡುವುದು, ಬೆಂದದ್ದನ್ನು ಹಲಗೆಯ ಮೇಲೆ ಹರಡಿ ಹಬೆ ಬಿಡಿಸಿ ಮತ್ತೆ ಉಂಡೆಗಟ್ಟಿ ಬುಟ್ಟಿಗೆ ತುಂಬುವುದು. ವಿಲೈ ಮದುವೆಯಾಗಿ ಪಕ್ಕದ ಮನೆಗೇ ಹೋದಳು. ಗಂಡ ಒಳ್ಳೆಯವನು, ದೋಣಿ ಕಟ್ಟುವವನು. ಆಮೇಲೂ ಅಕ್ಕತಂಗಿ ಬೈಕಿನಲ್ಲಿ ಒಟ್ಟಿಗೇ ಸಂತೆಗೆ ಹೋಗುವುದು ನಿಲ್ಲಲಿಲ್ಲ. ಅಕ್ಕ ಮುಂದೆ, ತಂಗಿ ಹಿಂದೆ, ತಂಗಿಯ ತೊಡೆಯ ಮೇಲೆ ಬಿಸಿ ಬುಟ್ಟಿ.

ಕಳೆದ ಚಳಿಗಾಲದಲ್ಲಿ ಒಂದು ಬೆಳಗ್ಗೆ ಬುವಫಾನಳಿಗೆ ಎಚ್ಚರವಾಗುವುದು ತಡವಾಯಿತು. ಅನ್ನ ತಡವಾಯಿತು. ದಾರಿಯ ತುಂಬ ಮಂಜು. ಕುಯ್ಲಾದ ಮೇಲೆ ಎಮ್ಮೆಗಳನ್ನು ಬಿಟ್ಟುಬಿಡುತ್ತಾರಲ್ಲ, ಲುವಾಂಗನ ಎಮ್ಮೆ ಬೂರುಗದ ಮರದ ಹತ್ತಿರ, ಹಳೇ ಮೋರಿಯ ಮೇಲೆ, ರಸ್ತೆಗೆ ಅಡ್ಡಲಾಗಿ ಮಲಗಿತ್ತು. ಬೈಕಿನ ದೀಪಕ್ಕೆ ಬೆದರಿ ಎದ್ದು ನಿಂತಿತು. ಬುವಫಾನ್ ತಪ್ಪಿಸಲು ಹೋದಳು, ಬೈಕು ಉರುಳಿತು. ಅವಳಿಗೆ ಮೊಣಕೈ ತರಚಿತು. ವಿಲೈಯ ತೊಡೆಮೂಳೆ ಮುರಿಯಿತು. ಥಾಖೇಕ್ ಪಟ್ಟಣದ ಆಸ್ಪತ್ರೆಯಲ್ಲಿ ಒಳಗೆ ಸಲಾಕೆ ಹಾಕಿದರು.

ಕಾಲು ಒಂದು ಮಟ್ಟಿಗೆ ಕೂಡಿಕೊಂಡಿತು. ವಿಲೈ ಮಾತ್ರ ಕೂಡಿಕೊಳ್ಳಲಿಲ್ಲ. ಪಾತ್ರೆ ಬಿದ್ದರೆ ಬೆಚ್ಚುವುದು, ತುತ್ತು ಹಿಡಿದು ಎಲ್ಲೋ ನೋಡುತ್ತ ಕೂರುವುದು, ನಿದ್ದೆಯಲ್ಲಿ ಕೈ ಮುಂದೆ ಚಾಚಿ ಏನನ್ನೋ ಹಿಡಿಯಲು ಹೋಗುವುದು. ಊರೆಲ್ಲ ಒಂದೇ ಮಾತು ಹೇಳಿತು: ಖ್ವನ್ ಮೋರಿಯ ಹತ್ತಿರವೇ ಉಳಿದಿದೆ, ಗೋರಿ ತರಬೇಕು. ಬಿದ್ದ ಜಾಗಕ್ಕೆ ಹೋಗಿ, ಮೀನು ಗೋರುವ ಬಲೆಯಲ್ಲಿ ಬಿದ್ದವರ ಅಂಗಿ, ಬೇಯಿಸಿದ ಮೊಟ್ಟೆ, ಅಂಟಕ್ಕಿ ಅನ್ನದ ಉಂಡೆ ಇಟ್ಟು, ನೆಲದಿಂದ ಗೋರಿ ಗೋರಿ ಕರೆಯಬೇಕು. ಬಲೆಗೆ ಬಟ್ಟೆ ಮುಚ್ಚಿ, ಹಿಂದೆ ತಿರುಗದೆ ಮನೆಗೆ ತರಬೇಕು. ಜಾಗ ಅದೇ ಆಗಬೇಕು. ಬೇರೆಡೆ ಗೋರಿದರೆ ಬರುವುದು ಬರೀ ಮಣ್ಣು.

ಗೋರಲು ಬುವಫಾನಳಿಗಿಂತ ಬೇರೆ ಯಾರು? ಅವಳೇ ಬಲೆ ಹಿಡಿದು ಹೊರಟಳು. ತಂದಳು. ಏಣಿಯ ಕೆಳಗೆ ನಿಂತು "ಖ್ವನ್ ಬಂತಾ?" ಎಂದು ಕೂಗಿದಳು. ಒಳಗಿದ್ದವರು ವಾಡಿಕೆಯ ಹಾಗೆ "ಬಂತು, ಬಂತು, ಒಳಗೆ ಬಾ" ಎಂದರು. ವಿಲೈಯ ಮುಂಗೈಗೆ ದಾರ ಕಟ್ಟಿದ್ದೂ ಆಯಿತು. ಮೊಟ್ಟೆ ಸುಲಿದಾಗ ಬಿಳಿಯ ಮೇಲೆ ಗುಳಿ ಬಿದ್ದಿತ್ತು. ಅದು ಒಳ್ಳೆಯ ಗುರುತಲ್ಲ. ಯಾರೂ ನೋಡುವ ಮೊದಲೇ ಬುವಫಾನ್ ಅದನ್ನು ಚೂರು ಮಾಡಿ ಎಲ್ಲರಿಗೂ ಹಂಚಿಬಿಟ್ಟಳು.

ಅವಳು ಮೋರಿಯ ತನಕ ಹೋಗಿರಲೇ ಇಲ್ಲ.

ಬೂರುಗದ ಮರ ಕಣ್ಣಿಗೆ ಬಿದ್ದದ್ದೇ ತಡ, ಅವಳ ಮೊಣಕಾಲು ಸೋತಿತ್ತು. ಎದೆಯೊಳಗೆ ಯಾರೋ ಒರಳು ಕುಟ್ಟಿದ ಹಾಗೆ. ರಸ್ತೆಬದಿಯ ಚರಂಡಿ ಹತ್ತಿರ ಕೂತಳು. ಎದ್ದರೆ ಮುಂದೆ ಹೋಗಬೇಕು, ಹೋಗಲಾರಳು. ಕೊನೆಗೆ ಕೂತಲ್ಲೇ ಚರಂಡಿಯ ಅಂಚಲ್ಲಿ ಬಲೆ ಆಡಿಸಿ, ಬಟ್ಟೆ ಮುಚ್ಚಿ, ವಾಪಸು ಬಂದಿದ್ದಳು.

ಆವತ್ತಿನಿಂದ ಅವಳು ಆ ರಸ್ತೆ ತುಳಿಯಲಿಲ್ಲ. ಬೈಕು ಮನೆಯ ಕೆಳಗೆ ಕಂಬಕ್ಕೆ ಒರಗಿ ನಿಂತಿತು, ಅದರ ಸೀಟಿನ ಮೇಲೆ ಕೋಳಿ ಕಾವಿಗೆ ಕೂತಿತು. ಅನ್ನದ ಬುಟ್ಟಿಗಳನ್ನು ಅಡ್ಡೆಗೆ ಕಟ್ಟಿಕೊಂಡು, ನದಿಯ ದಂಡೆಯ ಸುತ್ತುದಾರಿಯಲ್ಲಿ ನಡೆದು ಸಂತೆಗೆ ಹೋಗುತ್ತಿದ್ದಳು. ಹೋಗಿ ಮುಟ್ಟುವುದರೊಳಗೆ ಅನ್ನ ಆರಿರುತ್ತಿತ್ತು. ತಣ್ಣಗಾದ ಅಂಟಕ್ಕಿ ಯಾರಿಗೆ ಬೇಕು? ಬೆಳಗಿನ ಗಿರಾಕಿಗಳು ಬೇರೆಯವರ ಕಡೆ ತಿರುಗಿದರು. ಹೆಗಲಲ್ಲಿ ಗಂಟು ಬಿತ್ತು. ಕೇಳಿದವರಿಗೆ "ನಡೆದ್ರೆ ಮೈಗೆ ಒಳ್ಳೇದು" ಎನ್ನುತ್ತಿದ್ದಳು. ಒಬ್ಬಳೇ ಇದ್ದಾಗ ತನ್ನನ್ನು ಬೈದುಕೊಳ್ಳುತ್ತಿದ್ದಳು. ಒಲೆ ಊದುವಾಗ, ಅಕ್ಕಿ ತೊಳೆಯುವಾಗ, ದಾರಿಯುದ್ದಕ್ಕೂ. ಚಿಕ್ಕಂದಿನಿಂದ ಇದ್ದ ಅಭ್ಯಾಸವೇ. ತಾಯಿಯಿಲ್ಲದ ಮನೆಯಲ್ಲಿ ಬೈಯುವ ಕೆಲಸವನ್ನೂ ಅವಳೇ ಮಾಡಬೇಕಾಗಿತ್ತಲ್ಲ. ಮೋರಿಯ ಮೇಲೆ ಬಿದ್ದಂದಿನಿಂದ ಮಾತ್ರ ಅದಕ್ಕೆ ಬಿಡುವೇ ಇಲ್ಲದಂತಾಯಿತು.

ಎಮ್ಮೆಯ ಖ್ವನ್ ಕರೆದ ಮಾರನೆಯ ದಿನ ಮಳೆ ಹುಯ್ದು ಮೋರಿಯ ಒಂದು ಬದಿ ಕುಸಿಯಿತು. ರಸ್ತೆಯವರು ಬಂದು ಕೆಂಪು ಬಣ್ಣ ಬಳಿದು ಹೋದರು. ಮಣ್ಣು ಅಗೆಯುವ ದೊಡ್ಡ ಯಂತ್ರ ತಂದು ಬೂರುಗದ ಮರದಡಿ ನಿಲ್ಲಿಸಿದರು. ಮಳೆ ಬಿಟ್ಟ ಕೂಡಲೆ ಮೋರಿಯನ್ನು ಬುಡಸಮೇತ ಕಿತ್ತು ದೊಡ್ಡ ಕೊಳವೆ ಹಾಕುತ್ತಾರಂತೆ. ಸುದ್ದಿ ತಂದವನು ಲುವಾಂಗ್.

"ನನ್ನ ಎಮ್ಮೆ ಇನ್ನು ಎಲ್ಲಿ ಮಲಗತ್ತೋ ಪಾಪ" ಎಂದ ಅವನು.

ಬುವಫಾನ್ ಕೈಯಲ್ಲಿದ್ದ ಅನ್ನದ ಹಲಗೆಯನ್ನು ಕೆಳಗಿಟ್ಟಳು. ಜಾಗವೇ ಇಲ್ಲದಂತಾದರೆ ಎಲ್ಲಿಂದ ಗೋರುವುದು? ವಿಲೈಯ ಖ್ವನ್ ಆ ಕಲ್ಲುಮಣ್ಣಿನ ಜೊತೆ ಯಾವ ಹೊಂಡಕ್ಕೆ ಹೋಗಿ ಬೀಳುತ್ತದೋ. ವಿಲೈ ತಾನು ಹೀಗೇ ಇರುವವಳೆಂದು ಒಪ್ಪಿಕೊಂಡುಬಿಟ್ಟಿದ್ದಾಳೆ. ಮೊನ್ನೆ ತಾನೆ ಅಂದಿದ್ದಳು, "ಗೋರಿ ತಂದ್ರೂ ನನ್ನ ಖ್ವನ್ನಿಗೆ ನನ್ನ ಜೊತೆ ಇರೋದು ಬೇಡ ಅಂತ ಕಾಣತ್ತೆ ಕಣಕ್ಕ." ಆ ಮಾತು ಮುಳ್ಳಿನ ಹಾಗೆ ಒಳಗೆ ಉಳಿದಿತ್ತು.

ಅಂದು ಮಧ್ಯಾಹ್ನ ಬುವಫಾನ್ ತಂಗಿಯ ಮನೆಗೆ ಹೋದಳು. ವಿಲೈ ನೆಲದ ಮೇಲೆ ಕಾಲು ನೀಡಿಕೊಂಡು ಮೆಣಸಿನಕಾಯಿ ಸುಟ್ಟು ಜೇವ್ ಚಟ್ನಿ ಕುಟ್ಟುತ್ತಿದ್ದಳು. ಪೆಂಗ್ ಚಿಕ್ಕಮ್ಮ ಕಿಟಕಿಯ ಹತ್ತಿರ ತನ್ನ ಅಡಿಕೆ ಕುಟ್ಟುತ್ತಿದ್ದಳು. ಎರಡು ಒರಳಿನ ಸದ್ದು.

"ವಿಲೈ, ನಾನು ಗೋರಲಿಲ್ಲ."

"ಏನನ್ನ?"

"ನಿನ್ನ ಖ್ವನ್ನ. ಮೋರಿ ಹತ್ರ ಹೋಗ್ಲಿಲ್ಲ. ಕಾಲು ಬರ್ಲಿಲ್ಲ. ಚರಂಡೀಲಿ ಬಲೆ ಆಡಿಸಿ ಬಂದೆ. ಸುಳ್ಳು ಹೇಳ್ದೆ."

ವಿಲೈ ಕುಟ್ಟುವುದನ್ನು ನಿಲ್ಲಿಸಿದಳು.

"ಇಷ್ಟು ತಿಂಗಳು ನನಗೇ ಏನೋ ಕೆಟ್ಟಿದೆ ಅಂದ್ಕೊಂಡಿದ್ದೆ" ಎಂದಳು. "ನನ್ನ ಮೈಯೇ ಯಾರಿಗೂ ಬೇಡದ ಮನೆ ಆಗಿದೆ ಅಂದ್ಕೊಂಡಿದ್ದೆ. ನೀನು ದಿನಾ ಬಂದು ಗಂಜಿ ಕುಡಿಸಿದೆ. ಒಂದು ದಿನವೂ ಹೇಳ್ಲಿಲ್ಲ."

"ನಾನು ಕೆಟ್ಟೋಳು ಕಣೇ. ನಾಯಿಗಿಂತ ಕಡೆ. ನನ್ನಂಥೋಳು—"

"ನಿಲ್ಲಿಸಕ್ಕ!" ವಿಲೈಯ ದನಿ ಎಂದೂ ಅಷ್ಟು ಏರಿದ್ದಿಲ್ಲ. "ನಾನು ಬೈಯೋಕೆ ಬಾಯಿ ತೆಗೆಯೋದ್ರೊಳಗೆ ನೀನೇ ಬೈದ್ಕೊಂಡು ಮುಗಿಸ್ತೀಯ. ಆಮೇಲೆ ನಾನೇ ನಿನ್ನ ಸಮಾಧಾನ ಮಾಡ್ಬೇಕು. ನನ್ನ ಕೋಪಕ್ಕೆ ಜಾಗ ಎಲ್ಲಿದೆ? ಹೋಗು, ಈಗ ನಿನ್ನ ಮುಖ ನೋಡೋಕೆ ಆಗಲ್ಲ."

ಬುವಫಾನ್ ಎದ್ದಳು. ಬಾಗಿಲಲ್ಲಿ ಪೆಂಗ್ ಚಿಕ್ಕಮ್ಮ ಅವಳ ಹೆಗಲ ಪಟ್ಟೆ ಬಟ್ಟೆ ಹಿಡಿದು ಮೆಲ್ಲಗೆ ಹೇಳಿದಳು: "ಬೈಲಿ ಬಿಡು. ಬೈಯೋಕಾದ್ರೂ ಜೀವ ಬಂತಲ್ಲ ಅವಳಿಗೆ. ನೀನು ಮನೇಲಿ ಸುಮ್ನೆ ಕೂತ್ಕೋ. ಸುಮ್ನೆ ಅಂದ್ರೆ ಸುಮ್ನೆ. ಒಳಗೂ ಸುಮ್ನೆ."

ಒಳಗೆ ಸುಮ್ಮನಿರುವುದು ಬುವಫಾನಳಿಗೆ ಬರಲಿಲ್ಲ. ಆದರೂ ಆ ಸಂಜೆ ಅವಳು ಎಂದಿನಂತೆ ಅಕ್ಕಿ ತೊಳೆಯಲು ಕೂತಾಗ, ಬೈಗುಳ ಬಾಯಿಗೆ ಬಂದದ್ದು ಅವಳಿಗೇ ಕೇಳಿಸಿತು. ಮೊದಲೆಲ್ಲ ಅದು ಮಳೆಯ ಸದ್ದಿನ ಹಾಗೆ, ಇದೆಯೆಂದೇ ಗೊತ್ತಾಗುತ್ತಿರಲಿಲ್ಲ. ಈಗ ಪಕ್ಕದಲ್ಲಿ ಯಾರೋ ಕೂತು ಬೈದ ಹಾಗೆ ಕೇಳಿಸಿತು. 'ಓ, ಬಂದೆಯಾ' ಎಂದುಕೊಂಡಳು. ಅದು ಹೋಗಲಿಲ್ಲ. ಅವಳೂ ಅಕ್ಕಿ ತೊಳೆಯುವುದು ನಿಲ್ಲಿಸಲಿಲ್ಲ.

ಒಂದು ದಿನ ಕಳೆದು ಮಳೆ ಬಿಟ್ಟಿತು. ಬೆಳಗ್ಗೆ ಬುವಫಾನ್ ಸಂತೆಗೆ ಹೊರಡದೆ ಒಲೆಯ ಮುಂದೆ ಕೂತಿದ್ದಳು. ಕೆಳಗೆ ಕೋಲಿನ ಸದ್ದಾಯಿತು. ವಿಲೈ ಏಣಿಯ ಬುಡದಲ್ಲಿ ನಿಂತಿದ್ದಳು, ಹೆಗಲ ಮೇಲೆ ಬಿದ್ದ ದಿನ ಹಾಕಿದ್ದ ಹಳದಿ ಅಂಗಿ.

"ಮೊಟ್ಟೆ ಬೇಯ್ಸು" ಎಂದಳು. "ಯಂತ್ರದೋರು ಬಂದಿದಾರಂತೆ."

"ನಾನು ಹೋಗಿ ತರ್ತೀನಿ. ನೀನು ಆ ಕಾಲಲ್ಲಿ—"

"ನಿನ್ನೊಬ್ಬಳನ್ನೇ ಕಳಿಸಿದ್ರೆ ಮತ್ತೆ ಚರಂಡಿ ಮಣ್ಣು ತರ್ತೀಯ. ನಡಿ."

ಕೋಪ ಇನ್ನೂ ಇತ್ತು, ಮಾತಲ್ಲೇ ಗೊತ್ತಾಗುತ್ತಿತ್ತು. ಬುವಫಾನ್ ಎರಡು ಮೊಟ್ಟೆ ಬೇಯಿಸಿದಳು. ಎರಡನೆಯದು ಯಾಕೆಂದು ಅವಳು ಯೋಚಿಸಲಿಲ್ಲ. ವಿಲೈಯ ಹಿಂದೆಯೇ ಬಂದಿದ್ದ ಪೆಂಗ್ ಚಿಕ್ಕಮ್ಮ ಹೇಳಿದಳು, ಇವಳು ಹಾಕಿದಳು.

ಮೂವರೂ ನಡೆದರು. ಕೋಲಿನವಳು, ಮುದುಕಿ, ಬಲೆ ಹಿಡಿದವಳು. ಯಾರಿಗೂ ಬೇಗ ನಡೆಯಲು ಬರುತ್ತಿರಲಿಲ್ಲ. ಬೂರುಗದ ಮರದ ತುದಿ ಕಂಡಾಗ ಬುವಫಾನಳ ಮೊಣಕಾಲು ನಡುಗಲು ಶುರುಮಾಡಿತು. ಅದೇ ಚರಂಡಿ ಪಕ್ಕದಲ್ಲೇ ಇತ್ತು, ಕೂರು ಬಾ ಎಂದ ಹಾಗೆ.

"ಚಿಕ್ಕಮ್ಮ, ನಡುಗ್ತಿದೆ. ಸ್ವಲ್ಪ ನಿಲ್ಲಲಿ, ಆಮೇಲೆ ಹೋಗೋಣ."

"ನಿನ್ನ ನಡುಕ ನಿಲ್ಲೋವರೆಗೂ ಆ ಯಂತ್ರದೋನು ಬೀಡಿ ಸೇದ್ತಾ ಕೂತಿರ್ತಾನಾ?" ಎಂದಳು ಪೆಂಗ್ ಚಿಕ್ಕಮ್ಮ. "ನಡುಗಲಿ. ಅದನ್ನೂ ಜೊತೇಲಿ ಕರ್ಕೊಂಡು ಬಾ. ನನಗೆ ಮೊಣಕಾಲು ನೋವು, ಇವಳಿಗೆ ತೊಡೆ, ನಿನಗೆ ನಡುಕ. ಒಬ್ಬೊಬ್ಬರದು ಒಂದೊಂದು ಮೂಟೆ. ನಡಿ, ಬಿಸಿಲು ಏರ್ತಾ ಇದೆ."

ಬುವಫಾನ್ ಒಂದು ಹೆಜ್ಜೆ ಇಟ್ಟಳು. ಕಾಲು ತನ್ನದಲ್ಲವೇನೋ ಎನ್ನುವ ಹಾಗಿತ್ತು, ಆದರೂ ಊರಿತು. ಇನ್ನೊಂದು. ಎದೆಯೊಳಗಿನ ಒರಳು ಕುಟ್ಟುತ್ತಲೇ ಇತ್ತು. ಹಾಗೇ ಮೋರಿಯ ತನಕ ಬಂದಳು.

ಯಂತ್ರದವನು ಪಡ್ಡೆ ವಯಸ್ಸಿನವನಲ್ಲ, ನರೆತ ಮೀಸೆಯವನು. ಮೂವರು ಹೆಂಗಸರನ್ನು, ಅವರ ಬಲೆಯನ್ನು ನೋಡಿ, "ಇಲ್ಲೇನು ಮೀನು ಸಿಗತ್ತಾ ತಾಯೀ?" ಎಂದು ಕೂಗಿದ.

"ಸಿಗತ್ತೆ, ನೀನು ಆ ಗುಡುಗೋದು ನಿಲ್ಲಿಸಿದ್ರೆ" ಎಂದಳು ಪೆಂಗ್ ಚಿಕ್ಕಮ್ಮ. ಅವನಿಗೆ ಅಷ್ಟರಲ್ಲೇ ಅರ್ಥವಾಗಿತ್ತು. ಯಂತ್ರ ಬಂದ್ ಮಾಡಿ, ಟೋಪಿ ತೆಗೆದು ಕೆಳಗಿಳಿದು ಆಚೆ ಹೋಗಿ ನಿಂತ.

ವಿಲೈ ಕೆಸರಿನ ಮೇಲೆ ಕೋಲೂರಿ, "ಇಲ್ಲಿ" ಎಂದು ತೋರಿಸಿದಳು. "ನಾನು ಬಿದ್ದದ್ದು ಇಲ್ಲಿ."

ಬುವಫಾನ್ ಹಳದಿ ಅಂಗಿಯನ್ನು ಬಲೆಯಲ್ಲಿ ಹಾಸಿ, ಮೊಟ್ಟೆ, ಅನ್ನದ ಉಂಡೆ ಇಟ್ಟು ಬಗ್ಗಿದಳು. ಬಗ್ಗಿದವಳು ಹಾಗೇ ನಿಂತುಬಿಟ್ಟಳು.

"ನಿನಗೆ ಗೊತ್ತಾ," ಎಂದಳು, ತಂಗಿಯ ಕಡೆ ತಿರುಗದೆ. "ಆವತ್ತು ಬಿದ್ದಾಗ ನನ್ನ ಕೈ ಮೊದ್ಲು ಹೋಗಿದ್ದು ಅನ್ನಕ್ಕೆ. ನೀನು ಇಲ್ಲಿ ಕೂಗ್ತಿದ್ದೆ. ನಾನು ಅಲ್ಲಿ ನೆಲದ ಮೇಲೆ ಬಿದ್ದ ಅನ್ನ ಬಾಚಿ ಬುಟ್ಟಿಗೆ ಹಾಕ್ತಿದ್ದೆ. ಆಮೇಲೆ ನಿನ್ನ ಹತ್ರ ಬಂದೆ. ಅದಕ್ಕೇ ಇಲ್ಲಿಗೆ ಬರೋಕೆ ಆಗ್ತಿರಲಿಲ್ಲ. ಎಮ್ಮೆ, ಬೈಕು ಅದೆಲ್ಲ ಅಲ್ಲ."

ಅನ್ನ ತುಳಿಯಬಾರದು, ಬಿದ್ದರೆ ಎತ್ತಿ ಹಣೆಗೆ ಮುಟ್ಟಿಸಿಕೊಳ್ಳಬೇಕು, ಅಕ್ಕಿಯೊಳಗೆ ತಾಯಿಯಿದ್ದಾಳೆ ಎಂದು ನಮ್ಮಲ್ಲಿ ನಡೆಯಲು ಕಲಿಯುವ ಮೊದಲೇ ಕಲಿಸುತ್ತಾರೆ. ಬುವಫಾನಳಿಗೆ ಅದನ್ನು ಕಲಿಸಿದವಳು ಅಮ್ಮ, ವಿಲೈಗೆ ಕಲಿಸಿದವಳು ಬುವಫಾನ್.

ವಿಲೈ ಕೋಲಿನ ಮೇಲೆ ಭಾರ ಹಾಕಿದಳು.

"ನೋಡಿದೆ" ಎಂದಳು. "ನೀನು ಬಾಚ್ತಿದ್ದದ್ದು ನೋಡಿದೆ. ಕೋಪ ಬಂತು. ಆಸ್ಪತ್ರೇಲಿ ಮಲಗಿದಷ್ಟು ದಿನ ಆ ಕೋಪ ಇತ್ತು. ಆಮೇಲೆ ಹೋಯ್ತು, ಯಾವಾಗ ಅಂತ ಗೊತ್ತಿಲ್ಲ. ಚರಂಡಿ ಕೋಪ ಇದು ಹೊಸದು, ಇದು ಇನ್ನೂ ಇದೆ. ಇರ್ಲಿ, ಅದೂ ಹೋಗತ್ತೆ. ಈಗ ಕರಿ."

ಬುವಫಾನ್ ಕರೆದಳು. ವಿಲೈಯ ಖ್ವನ್ನೇ ಬಾ, ಕಲ್ಲಿನ ಸಂದಿಯಲ್ಲಿ ಅವಿತಿದ್ದರೆ ಬಾ, ಅಕ್ಕ ಬರುವುದು ತಡವಾಯಿತು, ಕಾದು ಕಾದು ಸಾಕಾಗಿದ್ದರೂ ಬಾ, ಎಂದು ಗೋರಿ ಗೋರಿ ಕರೆದಳು. ಕೆಸರು ಬಲೆಗೆ ಮೆತ್ತಿಕೊಂಡಿತು. ಮುಗಿದ ಮೇಲೆ ಪೆಂಗ್ ಚಿಕ್ಕಮ್ಮ ಬಟ್ಟೆ ಮುಚ್ಚಿ ಬಲೆಯನ್ನು ತಾನು ಹಿಡಿದುಕೊಂಡಳು. ಚೀಲದಿಂದ ಇನ್ನೊಂದು ಪುಟ್ಟ ಬಲೆ ತೆಗೆದು ವಿಲೈಯ ಕೈಗೆ ಕೊಟ್ಟಳು. ಎರಡನೆಯ ಮೊಟ್ಟೆ ಅದರಲ್ಲಿತ್ತು.

"ಇದು ಯಾರಿಗೆ?" ಎಂದಳು ಬುವಫಾನ್.

"ಇಲ್ಲಿ ಬಿದ್ದೋಳು ಇವಳೊಬ್ಬಳೇನಾ?" ಎಂದಳು ಪೆಂಗ್ ಚಿಕ್ಕಮ್ಮ. "ಇವಳಿಗೆ ಆಸ್ಪತ್ರೇಲಿ ಕರೆದ್ವಿ, ಮನೇಲಿ ಕರೆದ್ವಿ. ಎದುರಿಗೆ ಬಂದ ಎಮ್ಮೆಗೂ ಕರೆದಾಯ್ತು. ನಿನಗೆ ಯಾರೂ ಕರೀಲಿಲ್ಲ. ಮೊಣಕೈ ತರಚಿದ್ದು ಅಷ್ಟೆ ಅಂದ್ಕೊಂಡ್ವಿ. ತಪ್ಪು ನಮ್ಮದೂ ಇದೆ. ಕರೆಯೋಳು ನೀನೇ ಅಲ್ವಾ, ನಿನಗೇನಾಗತ್ತೆ ಅಂದ್ಕೊಂಡ್ವಿ."

"ನನಗೆ ಬೇಡ ಚಿಕ್ಕಮ್ಮ. ನಾನು..."

ವಿಲೈ ಅಕ್ಕನ ಹೆಗಲ ಮೇಲಿನ ಪಟ್ಟೆ ಬಟ್ಟೆಯನ್ನು ಎಳೆದುಕೊಂಡಳು. ತಾನು ಕೂಸಾಗಿದ್ದಾಗ ಕಟ್ಟಿಸಿಕೊಂಡದ್ದು ಇಂಥದೇ ಬಟ್ಟೆಯಲ್ಲಿ. ಅದನ್ನು ಬಲೆಯಲ್ಲಿ ಹಾಸಿದಳು. ಕೋಲು ಊರಿ, ಮುರಿದಿದ್ದ ಕಾಲನ್ನು ಪಕ್ಕಕ್ಕೆ ಚಾಚಿ, ಕಷ್ಟಪಟ್ಟು ಬಗ್ಗಿದಳು. ಗೋರುವುದೇನೋ ಗೋರಿದಳು, ಆದರೆ ಬಾಯಿಗೆ ಮಾತು ಬರಲಿಲ್ಲ. ಅಮ್ಮನ ವಿದ್ಯೆ ಅವಳಿಗೆ ಬಂದಿರಲಿಲ್ಲ. ಅವಳು ಕಿವಿಯಿಟ್ಟು ಕೇಳಿದ್ದು ಮೊನ್ನೆ ಬೇಲಿಯ ಹತ್ತಿರ ನಿಂತು ಕೇಳಿದ್ದೊಂದೇ.

"ಬಾರಮ್ಮ ಖ್ವನ್ನೇ, ಬಾ" ಎಂದಳು. "ನೊಗ... ನೊಗ ಇಳಿಸಿದೀವಿ, ಬಾ. ಈ ವರ್ಷವೆಲ್ಲ ನಿನ್ನ ದುಡಿಸ್ಕೊಂಡ್ವಿ. ಸುಸ್ತಾಗಿ ನಿಂತಾಗ ಸೋಮಾರಿ ಅಂದ್ವಿ."

"ಅದು ಎಮ್ಮೇದು ಕಣೇ!" ಎಂದಳು ಬುವಫಾನ್.

"ನನಗೆ ಬರೋದು ಅದೊಂದೇ. ಸುಮ್ನಿರು, ಮರೆತುಹೋಗತ್ತೆ." ವಿಲೈ ಮತ್ತೆ ಗೋರಿದಳು. "ಬಾಸುಂಡೆ ಏಳೋ ಹಾಗೆ ಹೊಡೆದ್ವಿ. ನಮಗೂ ದಿಕ್ಕು ತೋಚ್ಲಿಲ್ಲ. ಮನಸ್ಸಲ್ಲಿ ಇಟ್ಕೋಬೇಡ. ನಿನ್ನ ಗೊರಸು ನೋಯದೆ ಇರ್ಲಿ, ಕೊಂಬು ಬಿರಿಯದೆ ಇರ್ಲಿ..."

ಆಚೆ ನಿಂತಿದ್ದ ಯಂತ್ರದವನು ಟೋಪಿಯಿಂದ ಬಾಯಿ ಮುಚ್ಚಿಕೊಂಡ. ಪೆಂಗ್ ಚಿಕ್ಕಮ್ಮನ ಭುಜ ಕುಲುಕುತ್ತಿತ್ತು. ಬುವಫಾನಳಿಗೂ ಎಲ್ಲಿಂದಲೋ ನಗು ಬಂತು, ಬಂದ ನಗು ಅರ್ಧದಲ್ಲೇ ತಿರುಗಿ ಅಳುವಾಯಿತು.

"ನೀನು ಕೆಟ್ಟೋಳಲ್ಲ," ಎಂದಳು ವಿಲೈ, ನೆಲದ ಕಡೆಗೇ ನೋಡುತ್ತ. "ದಣಿದಿದೀಯ, ಅಷ್ಟೆ."

ಈ ಮಾತನ್ನು ಬುವಫಾನ್ ಎಷ್ಟು ಎಮ್ಮೆಗಳಿಗೆ ಆಡಿದ್ದಳೋ. ತನ್ನ ಬಾಯಿಂದ ಹೊರಟದ್ದೇ ಹೊರತು ತನ್ನ ಕಿವಿಗೆ ಬಿದ್ದದ್ದಲ್ಲ. ಅವಳು ಕೆಸರಿನ ಮೇಲೇ ಕುಕ್ಕರಗಾಲಲ್ಲಿ ಕೂತಳು. ನಿಜವಾಗಿಯೂ ದಣಿದಿದ್ದಳು. ಎಷ್ಟು ದಣಿದಿದ್ದಾಳೆಂದು ಕೂತ ಮೇಲೆ ಗೊತ್ತಾಯಿತು.

ಮನೆಗೆ ಬರುವಾಗ ಯಾರೂ ಹಿಂದೆ ತಿರುಗಲಿಲ್ಲ. ಯಂತ್ರ ಮತ್ತೆ ಗುಡುಗಿದ್ದು ಕೇಳಿಸಿತು. ವಿಲೈ ಬೆಚ್ಚಿದಳು. ಆದರೂ ಕೋಲು ಬೀಳಲಿಲ್ಲ. ಏಣಿಯ ಕೆಳಗೆ ನಿಂತು ಪೆಂಗ್ ಚಿಕ್ಕಮ್ಮ "ಬಂತಾ?" ಎಂದು ಕೂಗಿದಳು. ಒಳಗಿದ್ದವನು ವಿಲೈಯ ಗಂಡನೊಬ್ಬನೇ. "ಬಂತು! ಯಾರ್ದು?" ಎಂದ. "ಇಬ್ಬರದೂ" ಎಂದಳು ಚಿಕ್ಕಮ್ಮ. "ಹಾಗಾದ್ರೆ ಇಬ್ಬರಿಗೂ ಜಾಗ ಇದೆ, ಹತ್ತಿ ಬನ್ನಿ" ಎಂದ ಅವನು.

ಇಬ್ಬರ ಮುಂಗೈಗೂ ದಾರ ಕಟ್ಟಿದರು. ಮೊಟ್ಟೆ ಸುಲಿದರು. ವಿಲೈಯದು ನುಣ್ಣಗಿತ್ತು. ಬುವಫಾನಳದರ ಮೇಲೆ ಸಣ್ಣದೊಂದು ಗುಳಿ. ಅವಳು ಅದನ್ನು ಮುಚ್ಚಿಡಲಿಲ್ಲ, ಅಂಗೈಯಲ್ಲಿಟ್ಟು ತೋರಿಸಿದಳು.

"ನಿನ್ನದು ಮೆಲ್ಲಗೆ ನಡೆಯೋ ಖ್ವನ್ನು" ಎಂದಳು ಪೆಂಗ್ ಚಿಕ್ಕಮ್ಮ. "ಹಿಂದೆ ಬರ್ತಾ ಇರತ್ತೆ. ಬಾಗ್ಲಲ್ಲಿ ಬೈಬೇಡ ಅದನ್ನ. ತಿನ್ನು."

ತಿಂದಳು. ಉಪ್ಪು ಬೇಕಾಗಿತ್ತು.

ಮೋರಿ ಹೋಗಿ ಕೊಳವೆ ಬಂತು. ಬುವಫಾನ್ ಕೆಲವು ದಿನ ಆ ರಸ್ತೆಯಲ್ಲೇ ಅಡ್ಡೆ ಹೊತ್ತು ನಡೆದಳು. ಕೆಲವು ದಿನ ಆಗಲಿಲ್ಲ, ನದಿಯ ದಂಡೆ ಹಿಡಿದಳು. ಬೈಕಿನ ಮೇಲಿನ ಕೋಳಿಯನ್ನು ಇನ್ನೂ ಎಬ್ಬಿಸಿಲ್ಲ. ವಿಲೈ ಈಗಲೂ ಒಮ್ಮೊಮ್ಮೆ ನಿದ್ದೆಯಲ್ಲಿ ಬೆಚ್ಚುತ್ತಾಳೆ. ಆದರೆ ಎದ್ದು ನೀರು ಕುಡಿದು ಮತ್ತೆ ಮಲಗುತ್ತಾಳಂತೆ. ಚರಂಡಿಯ ಮಾತು ತೆಗೆದು ಅಕ್ಕನನ್ನು ಚುಚ್ಚುವುದನ್ನು ಬಿಟ್ಟಿಲ್ಲ. ಬುವಫಾನ್ ಕೇಳಿಸಿಕೊಳ್ಳುತ್ತಾಳೆ, ತಂಗಿ ಬೈದು ಮುಗಿಸುವವರೆಗೂ ಕಾಯುತ್ತಾಳೆ.

ಒಂದು ಸಂಜೆ ಅವಳು ಅಕ್ಕಿಯ ಡಬ್ಬ ತೆಗೆದು, ಅಲ್ಯೂಮಿನಿಯಂ ಪಾತ್ರೆಗೆ ಅಳೆದು ಹಾಕಿದಳು. ಕೈ ಅಲುಗಿ ಒಂದಿಷ್ಟು ಕಾಳು ನೆಲಕ್ಕೆ ಚೆಲ್ಲಿತು. ಥೂ ಎನ್ನುವುದು ನಾಲಿಗೆಯ ತುದಿಗೆ ಬಂತು. ಅದು ಬಂದದ್ದನ್ನು ನೋಡಿದಳು. ಕೈ ತಾನಾಗಿ ಕಾಳಿನ ಕಡೆ ಹೋಯಿತು, ಹೋಗಲಿ ಎಂದು ಬಿಟ್ಟಳು. ಒಂದೊಂದೇ ಕಾಳು ಆಯ್ದು ಹಣೆಗೆ ಮುಟ್ಟಿಸಿಕೊಂಡು ಪಾತ್ರೆಗೆ ಹಾಕಿದಳು. ನೀರು ಹುಯ್ದು ಅಂಗೈಯಿಂದ ತಿಕ್ಕಿದಳು. ಬಿಳಿ ನೀರನ್ನು ಬಸಿದು ಮೆಣಸಿನ ಗಿಡಕ್ಕೆ ಚೆಲ್ಲಿದಳು, ಮತ್ತೆ ಹೊಸ ನೀರು ಹುಯ್ದಳು. ನೀರು ಅಕ್ಕಿಯ ಮೇಲೆ ಬೆರಳ ಗೆಣ್ಣಿನಷ್ಟು ನಿಂತಿದೆಯೇ ಎಂದು ಬೆರಳಿಟ್ಟು ನೋಡಿ, ಪಾತ್ರೆಗೆ ಪಟ್ಟೆ ಬಟ್ಟೆ ಮುಚ್ಚಿ, ಬೆಳಗಿನವರೆಗೆ ನೆನೆಯಲು ಒಲೆಯ ಪಕ್ಕಕ್ಕೆ ಸರಿಸಿಟ್ಟಳು.